ಸೂಪರ್ ಲೀಗ್ ಕಟ್ಟಹೊರಟವರಿಗೆ ಪುಡಿದಂಡ, ಎವರ್ಟನ್‌ಗೆ ಅಂಕ ಕಡಿತ: ಬರೆ ಬೀಳುತ್ತಿರುವುದು ಯಾರಿಗೆ?

ಬಸವನಗುಡಿ ಗನ್ನರ್

ಗೆಳೆಯರೇ, ಬಹಳ ದಿನಗಳಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ಪ್ರಶ್ನೆಯೊಂದನ್ನು ಇಲ್ಲಿ ಇಡುತ್ತಿದ್ದೇನೆ. 2021ರ ಏಪ್ರಿಲ್ 19ರ ಸೋಮವಾರ ಬೆಳಗ್ಗೆ ಹಾಲು ತರಲು ಹೊರಡುವ ಮೊದಲು ಫೋನ್ ತೆರೆದರೆ, ಯುರೋಪಿನ ಹನ್ನೆರಡು ದೊಡ್ಡ ಫುಟ್‌ಬಾಲ್ ಕ್ಲಬ್‌ಗಳು ಯುರೋಪಿಯನ್ ಸೂಪರ್ ಲೀಗ್ ಎಂಬ ತಮ್ಮದೇ ಪಂದ್ಯಾವಳಿಯನ್ನು ಕಟ್ಟುವುದಾಗಿ ಘೋಷಿಸಿದ ಸುದ್ದಿ ಕಂಡಿತು. ಆ ಪಟ್ಟಿಯಲ್ಲಿ ನನ್ನ ಆರ್ಸೆನಲ್ ಕೂಡ ಇತ್ತು. ಆ ಋತುವಿನಲ್ಲಿ ನಮ್ಮ ತಂಡ ಇಂಗ್ಲೆಂಡಿನ ಅಗ್ರ ದರ್ಜೆಯಾದ ಪ್ರೀಮಿಯರ್ ಲೀಗಿನಲ್ಲಿ ಎಂಟನೆಯದಾಗಿ ಮುಗಿಸಿತು. ಎಂಟನೇ ಸ್ಥಾನದ ತಂಡಕ್ಕೆ ಯುರೋಪಿನ ಅತಿ ದೊಡ್ಡ ಪಂದ್ಯಾವಳಿಯಲ್ಲಿ ಕಾಯಂ ಜಾಗವನ್ನು ಯಾರು, ಯಾವ ಅರ್ಹತೆಯ ಮೇಲೆ ಕೊಡುತ್ತಾರೆ? ಇಪ್ಪತ್ತು ತಂಡಗಳ ಲೀಗಿನಲ್ಲಿ ಹದಿನೈದು ತಂಡಗಳು ಎಷ್ಟೇ ಸೋತರೂ ಹೊರಬೀಳುವಂತಿಲ್ಲ ಎಂಬುದು ಅವರ ಯೋಜನೆಯಾಗಿತ್ತು. ಅಂದು ನಾನು ಮೊದಲ ಬಾರಿಗೆ ನನ್ನ ತಂಡದ ಅಂಗಿಯನ್ನು ಬೀರುವಿನ ಒಳಗೆ ಮಡಿಸಿಟ್ಟೆ.

ಮಂಗಳವಾರ ರಾತ್ರಿಯ ಹೊತ್ತಿಗೆ ಆ ಪಟ್ಟಿಯಲ್ಲಿದ್ದ ಇಂಗ್ಲೆಂಡಿನ ಆರೂ ಕ್ಲಬ್‌ಗಳು ಹಿಂದೆ ಸರಿದವು. ಚೆಲ್ಸಿಯ ಅಭಿಮಾನಿಗಳು ತಮ್ಮ ಕ್ರೀಡಾಂಗಣ ಸ್ಟ್ಯಾಮ್‌ಫರ್ಡ್ ಬ್ರಿಜ್ ಹೊರಗಿನ ರಸ್ತೆಯನ್ನು ತಡೆದು ನಿಂತದ್ದು, ಆ ಕ್ಲಬ್ಬಿನ ಮಾಜಿ ಗೋಲ್‌ಕೀಪರ್ ಪೀಟರ್ ಚೆಕ್ ಬಂದು ಅವರ ಮುಂದೆ ಕೈಮುಗಿಯುವಂತೆ ನಿಂತು ಸ್ವಲ್ಪ ಸಮಯ ಕೊಡಿ ಎಂದು ಕೇಳಿಕೊಂಡದ್ದು ನಿಮಗೆಲ್ಲ ನೆನಪಿರುತ್ತದೆ. ಆದರೆ ಶಿಕ್ಷೆ ಏನಾಯಿತು? ಜೂನ್ ತಿಂಗಳಲ್ಲಿ ಆರು ಕ್ಲಬ್‌ಗಳೂ ಸೇರಿ 2.2 ಕೋಟಿ ಪೌಂಡ್ ಕೊಡಲು ಒಪ್ಪಿದವು. ತಲಾ 37 ಲಕ್ಷ ಪೌಂಡಿಗಿಂತ ಕಡಿಮೆ. ಈ ಕ್ಲಬ್‌ಗಳಲ್ಲಿ ಸುಮಾರಾದ ಆಟಗಾರನೊಬ್ಬನಿಗೆ ವರ್ಷಕ್ಕೆ ಕೊಡುವ ಸಂಬಳ ಅಷ್ಟಿರುತ್ತದೆ. ಮುಂದೆ ಇನ್ನೊಮ್ಮೆ ಇಂತಹ ಪ್ರಯತ್ನ ಮಾಡಿದರೆ ಮಾತ್ರ 30 ಅಂಕ ಕಡಿತ ಮತ್ತು 2.5 ಕೋಟಿ ಪೌಂಡ್ ದಂಡ ಎಂದಾಯಿತು.

ಎರಡೂವರೆ ವರ್ಷಗಳ ಬಳಿಕ, 2023ರ ನವೆಂಬರ್ 17ರಂದು, ಮಿತಿಗಿಂತ ಹೆಚ್ಚು ನಷ್ಟ ಮಾಡಿಕೊಂಡದ್ದಕ್ಕೆ ಅದೇ ಲೀಗಿನ ಎವರ್ಟನ್ ಕ್ಲಬ್‌ಗೆ ಒಂದೇ ಏಟಿಗೆ ಹತ್ತು ಅಂಕ ಕಡಿತವಾಯಿತು. ಇಡೀ ವ್ಯವಸ್ಥೆಯನ್ನೇ ಬಿಟ್ಟು ಹೋಗಲು ಹೊರಟವರಿಗೆ ಒಂದು ಅಂಕವೂ ಹೋಗಲಿಲ್ಲ, ವ್ಯವಸ್ಥೆಯ ಒಳಗೇ ಇದ್ದು ಎಡವಿದವರಿಗೆ ಹತ್ತು ಅಂಕ ಹೋಯಿತು. ಇದು ನ್ಯಾಯವೇ? ನನ್ನ ಕ್ಲಬ್‌ಗೆ ಅಂದು ಅಂಕ ಕಡಿತವಾಗಿದ್ದರೆ ನಾನು ಒಪ್ಪುತ್ತಿದ್ದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಲೆಕ್ಕದ ಪುಸ್ತಕ

ಗನ್ನರ್ ಅವರೇ, ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ಎರಡು ಪ್ರಕರಣಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವ ಮೊದಲು ಎವರ್ಟನ್ ಯಾವ ನಿಯಮ ಮುರಿಯಿತು ಎಂಬುದನ್ನು ನೋಡೋಣ. ಮಾಲೀಕರು ಸ್ವಂತ ಬಂಡವಾಳ ಹಾಕಿ ತುಂಬಿಕೊಡುವುದಾದರೆ, ಪ್ರೀಮಿಯರ್ ಲೀಗ್ ಕ್ಲಬ್ ಮೂರು ವರ್ಷಗಳಲ್ಲಿ ಒಟ್ಟು 10.5 ಕೋಟಿ ಪೌಂಡ್‌ವರೆಗೆ ನಷ್ಟ ತೋರಿಸಬಹುದಿತ್ತು. ಕ್ರೀಡಾಂಗಣ, ಕಿರಿಯರ ತರಬೇತಿ, ಮಹಿಳಾ ತಂಡ ಮುಂತಾದವುಗಳ ಖರ್ಚನ್ನು ಈ ಲೆಕ್ಕದಿಂದ ಹೊರಗಿಡಲಾಗುತ್ತಿತ್ತು. ಎವರ್ಟನ್‌ನ ನಷ್ಟ 12.45 ಕೋಟಿ ಪೌಂಡ್ ಎಂದು ವಿಚಾರಣೆ ನಡೆಸಿದ ಆಯೋಗ ನಿರ್ಣಯಿಸಿತು. ಮಿತಿ ಮೀರಿದ್ದು 1.95 ಕೋಟಿ.

ನಾಟಿಂಗ್‌ಹ್ಯಾಮ್ ಫಾರೆಸ್ಟ್ ಪ್ರಕರಣ ಇದಕ್ಕಿಂತ ಬೋಧಪ್ರದವಾಗಿದೆ. ಆ ಮೂರು ವರ್ಷಗಳಲ್ಲಿ ಎರಡು ವರ್ಷ ಅವರು ಕೆಳಗಿನ ದರ್ಜೆಯಲ್ಲಿದ್ದುದರಿಂದ ಅವರ ಮಿತಿ 6.1 ಕೋಟಿ ಪೌಂಡ್ ಆಗಿತ್ತು, ಅದನ್ನು 3.45 ಕೋಟಿಯಷ್ಟು ಮೀರಿದರು. ತಮ್ಮ ಆಟಗಾರ ಬ್ರೆನನ್ ಜಾನ್ಸನ್‌ನನ್ನು ಲೆಕ್ಕದ ವರ್ಷ ಮುಗಿಯುವ ಜೂನ್ 30ರ ಒಳಗೆ ಮಾರಿದ್ದರೆ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತಿತ್ತು. ಆದರೆ ಒಳ್ಳೆಯ ಬೆಲೆಗೆ ಕಾದು ಸೆಪ್ಟೆಂಬರ್ 1ರಂದು ಟಾಟನ್‌ಹ್ಯಾಮ್‌ಗೆ ಮಾರಿದರು. ವ್ಯಾಪಾರದ ದೃಷ್ಟಿಯಿಂದ ಅದು ಜಾಣ ನಿರ್ಧಾರ, ಲೆಕ್ಕದ ವರ್ಷದ ದೃಷ್ಟಿಯಿಂದ ತಪ್ಪು. 2024ರ ಮಾರ್ಚ್‌ನಲ್ಲಿ ನಾಲ್ಕು ಅಂಕ ಹೋಯಿತು.

ನನ್ನನ್ನು ಹೆಚ್ಚು ಕಾಡುವ ವಿಷಯ ಬೇರೆ. 2023ರ ಡಿಸೆಂಬರ್‌ವರೆಗೆ ಒಬ್ಬ ಆಟಗಾರನನ್ನು 8 ಕೋಟಿಗೆ ಕೊಂಡು ಎಂಟು ವರ್ಷಗಳ ಒಪ್ಪಂದ ಮಾಡಿಕೊಂಡರೆ ಲೀಗಿನ ಲೆಕ್ಕದಲ್ಲಿ ವರ್ಷಕ್ಕೆ ಒಂದು ಕೋಟಿ ಸವಕಳಿ ಮಾತ್ರ ಕಾಣುತ್ತಿತ್ತು. ತಮ್ಮದೇ ಅಂಗಳದಲ್ಲಿ ಬೆಳೆದ ಹುಡುಗನನ್ನು ಮಾರಿದರೆ ಬಂದ ಹಣವೆಲ್ಲ ಶುದ್ಧ ಲಾಭ, ಏಕೆಂದರೆ ಪುಸ್ತಕದಲ್ಲಿ ಅವನ ಬೆಲೆ ಸೊನ್ನೆ. ಹೀಗಾಗಿ, ಕ್ಲಬ್‌ಗಳನ್ನು ಉಳಿಸಲು ಬಂದ ನಿಯಮವೇ ಊರಿನ ಹುಡುಗರನ್ನು ಮೊದಲು ಮಾರುವಂತೆ ಮಾಡುತ್ತಿದೆ. ಇನ್ನು ಚೆಲ್ಸಿ ತನ್ನ ಕ್ರೀಡಾಂಗಣದ ಪಕ್ಕದ ಎರಡು ಹೋಟೆಲ್‌ಗಳನ್ನು ತನ್ನದೇ ಸೋದರ ಸಂಸ್ಥೆಗೆ 7.65 ಕೋಟಿ ಪೌಂಡ್‌ಗೆ ಮಾರಿ ಆ ಹಣವನ್ನು ಲಾಭದ ಕಡೆ ಬರೆದುಕೊಂಡಿತು. ಅಂದಿನ ಪ್ರೀಮಿಯರ್ ಲೀಗ್ ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿದ ಹಣ ಆದಾಯ ಎನಿಸುವ ಪದ್ಧತಿಯಲ್ಲಿ, ಲೆಕ್ಕಪತ್ರ ಬಲ್ಲ ವಕೀಲರಿರುವ ಕ್ಲಬ್ ಪಾರಾಗುತ್ತದೆ.

ಮರ್ಸಿ ತೀರದ ನೀಲಿ

ನಾನು ಎವರ್ಟನ್ ಅಭಿಮಾನಿ, ಮೈಸೂರಿನವನು. ಲೆಕ್ಕದ ಪುಸ್ತಕದವರು ಬರೆದದ್ದರಲ್ಲಿ ಒಂದಂಕಿಯೂ ತಪ್ಪಿಲ್ಲ. ನಮ್ಮ ಆಡಳಿತ ತಪ್ಪು ಮಾಡಿತ್ತು ಎಂಬುದನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ. ವರ್ಷದಿಂದ ವರ್ಷಕ್ಕೆ ತರಬೇತುದಾರರನ್ನು ಬದಲಿಸಿ, ಒಬ್ಬರು ತಂದ ಆಟಗಾರರು ಮತ್ತೊಬ್ಬರಿಗೆ ಬೇಡವಾಗಿ, ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎಂಬಂತೆ ಸುರಿದದ್ದನ್ನು ಕಣ್ಣಾರೆ ನೋಡಿದ್ದೇವೆ. ಆದರೆ ಸುರಿದವರಿಗೆ ಏನಾಯಿತು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಅಂಕ ಕಳೆದುಕೊಂಡದ್ದು ಅಂದಿನ ತರಬೇತುದಾರ ಶಾನ್ ಡೈಚ್ ಅವರ ಹುಡುಗರು. ಮೈದಾನದಲ್ಲಿ ಓಡಿ ಗಳಿಸಿದ ಅಂಕ ಅದು.

ನವೆಂಬರ್ 26ರಂದು ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಪಂದ್ಯವನ್ನು ಮನೆಯಲ್ಲಿ ಅಪ್ಪನೊಂದಿಗೆ ನೋಡುತ್ತಿದ್ದೆ. ನಮ್ಮ ಅಂದಿನ ಕ್ರೀಡಾಂಗಣ ಗುಡಿಸನ್ ಪಾರ್ಕ್ ತುಂಬ ಪ್ರತಿಭಟನೆಯ ಗುಲಾಬಿ ಬಣ್ಣದ ರಟ್ಟುಗಳು ಎದ್ದು ನಿಂತವು. ಫುಟ್‌ಬಾಲ್ ಅಷ್ಟಾಗಿ ನೋಡದ ಅಪ್ಪ, ಇಷ್ಟು ಜನ ಸೋಲಿಗೆ ಮುಂಚೆಯೇ ಏಕೆ ಕೋಪಗೊಂಡಿದ್ದಾರೆ ಎಂದು ಕೇಳಿದರು. ವಿವರಿಸಿ ಹೇಳಿದೆ. ತಪ್ಪು ಮಾಡಿದ ಯಜಮಾನರನ್ನು ಬಿಟ್ಟು ಕೂಲಿಯವರ ಸಂಬಳ ಹಿಡಿದಂತಾಯಿತಲ್ಲ ಎಂದರು. ನಾನು ಇಲ್ಲಿಯವರೆಗೆ ಓದಿದ ಯಾವ ವಿಶ್ಲೇಷಣೆಯೂ ಅಷ್ಟು ನೇರವಾಗಿ ಹೇಳಿಲ್ಲ.

ಫೆಬ್ರವರಿಯಲ್ಲಿ ಮೇಲ್ಮನವಿ ಮಂಡಳಿ ಹತ್ತನ್ನು ಆರಕ್ಕೆ ಇಳಿಸಿತು, ಏಪ್ರಿಲ್‌ನಲ್ಲಿ ಮುಂದಿನ ಅವಧಿಯ ಲೆಕ್ಕಕ್ಕೆ ಇನ್ನೆರಡು ಕಳೆಯಿತು. ಒಂದೇ ಋತುವಿನಲ್ಲಿ ನಮ್ಮ ಅಂಕಪಟ್ಟಿ ಮೂರು ಸಲ ಬದಲಾಯಿತು. ನಾವು ಉಳಿದೆವು, ಮೈದಾನದಲ್ಲಿ ಗಳಿಸಿದ್ದು 48, ಪಟ್ಟಿಯಲ್ಲಿ ಉಳಿದದ್ದು 40. ನಮ್ಮ ಮೇಲೆ ದೂರು ದಾಖಲಾದದ್ದು 2023ರ ಮಾರ್ಚ್‌ನಲ್ಲಿ, ತೀರ್ಪು ಬಂದದ್ದು ಎಂಟೇ ತಿಂಗಳಲ್ಲಿ. ಅದೇ ವರ್ಷ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರ್ ಸಿಟಿಯ ಮೇಲೆ ನೂರಕ್ಕೂ ಹೆಚ್ಚು ಆರೋಪಗಳು ದಾಖಲಾದವು. ಆ ಕ್ಲಬ್ ಅವೆಲ್ಲವನ್ನೂ ನಿರಾಕರಿಸಿದೆ, ತೀರ್ಪು ಬರದೆ ತಪ್ಪಿತಸ್ಥರೆಂದು ನಾನು ಹೇಳುವುದಿಲ್ಲ. ಆದರೆ ವಿಚಾರಣೆ ಆರಂಭವಾಗುವುದಕ್ಕೇ 2024ರ ಸೆಪ್ಟೆಂಬರ್ ಬರಬೇಕಾಯಿತು. ತಪ್ಪೊಪ್ಪಿಗೆಗೆ ಹತ್ತಿರವಿದ್ದ ಬಡವನ ಪ್ರಕರಣ ಬೇಗ ಮುಗಿಯುತ್ತದೆ.

ಬಾರ್ಸಾ ಬಂಧು

ಎಲ್ಲರ ನೋವೂ ಅರ್ಥವಾಗುತ್ತದೆ. ಆದರೂ ಇಲ್ಲಿ ಯಾರೂ ಆಡದ ಮಾತೊಂದನ್ನು ಆಡಬೇಕಾಗಿದೆ. ಸೂಪರ್ ಲೀಗ್ ಕಟ್ಟಲು ಹೊರಟದ್ದೇ ಮಹಾಪರಾಧವೆಂದರೆ ಪ್ರೀಮಿಯರ್ ಲೀಗ್ ಎಲ್ಲಿಂದ ಬಂತು? 1992ರಲ್ಲಿ ಪ್ರಥಮ ದರ್ಜೆಯ 22 ಕ್ಲಬ್‌ಗಳು ನೂರು ವರ್ಷ ದಾಟಿದ್ದ ಫುಟ್‌ಬಾಲ್ ಲೀಗಿನಿಂದ ಒಟ್ಟಾಗಿ ಹೊರಬಂದದ್ದು ಟಿವಿ ಹಣವನ್ನು ಕೆಳಗಿನವರೊಂದಿಗೆ ಹಂಚಿಕೊಳ್ಳುವುದು ಬೇಡವೆಂದೇ ತಾನೆ? ಅಂದು ಬೇರೆಯಾದವರು ಇಂದು ಬೇರೆಯಾಗುವವರಿಗೆ ದಂಡ ಹಾಕುತ್ತಿದ್ದಾರೆ.

ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಯುಇಎಫ್‌ಎ ಬಗ್ಗೆಯೂ ಹೇಳಬೇಕು. ನಿಯಮ ಮಾಡುವವರು ಅವರು, ಪಂದ್ಯಾವಳಿ ನಡೆಸುವವರು ಅವರು, ಹಣ ಸಂಗ್ರಹಿಸುವವರು ಅವರು, ಪ್ರತಿಸ್ಪರ್ಧಿಗೆ ಅನುಮತಿ ಕೊಡಬೇಕಾದವರೂ ಅವರೇ. 2023ರ ಡಿಸೆಂಬರ್ 21ರಂದು ಯುರೋಪಿನ ನ್ಯಾಯಾಲಯ, ಪೂರ್ವಾನುಮತಿ ಕುರಿತ ಫಿಫಾ ಮತ್ತು ಯುಇಎಫ್‌ಎ ನಿಯಮಗಳು ಪಾರದರ್ಶಕ ಮಾನದಂಡಗಳಿಲ್ಲದೆ ರೂಪುಗೊಂಡಿದ್ದು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಹೇಳಿತು. ಸೂಪರ್ ಲೀಗಿಗೆ ಒಪ್ಪಿಗೆ ಕೊಡಲೇಬೇಕೆಂದು ಹೇಳಲಿಲ್ಲ, ಅದನ್ನು ಒಪ್ಪುತ್ತೇನೆ. ಇನ್ನು ಸೂಪರ್ ಲೀಗ್ ಹೊಸಬರಿಗೆ ಬಾಗಿಲು ಮುಚ್ಚುತ್ತದೆ ಎಂಬ ದೂರು. 1986ರಲ್ಲಿ ಬುಕಾರೆಸ್ಟ್‌ನ ಸ್ಟಿಯಾವಾ, 1991ರಲ್ಲಿ ಬೆಲ್‌ಗ್ರೇಡ್‌ನ ರೆಡ್ ಸ್ಟಾರ್ ಯುರೋಪಿನ ಚಾಂಪಿಯನ್‌ಗಳಾದವು. ಇಂದು ಆ ಊರುಗಳಿಂದ ಅಂತಹ ತಂಡ ಬರಬಲ್ಲದೆಂದು ಯಾರಾದರೂ ನಂಬುತ್ತಾರೆಯೇ? ಫಲಕ ಹಾಕದಿದ್ದರೂ ಬಾಗಿಲು ಎಂದೋ ಮುಚ್ಚಿಹೋಗಿದೆ.

ಲೆಕ್ಕದ ಪುಸ್ತಕ

ಬಂಧುಗಳೇ, ಬಾಗಿಲು ಭಾರವಾಗಿದೆ ಎಂಬುದಕ್ಕೂ ಬಾಗಿಲಿಗೆ ಬೀಗ ಜಡಿದಿದೆ ಎಂಬುದಕ್ಕೂ ವ್ಯತ್ಯಾಸವಿದೆ. ನೀವು ಪಟ್ಟಿ ಮಾಡಿದ ದೋಷಗಳೆಲ್ಲ ನಿಜ. ಆದರೆ ಅವುಗಳಿಗೆ ಸೂಪರ್ ಲೀಗ್ ಮದ್ದಾಗಿರಲಿಲ್ಲ. ಸ್ಥಾಪಕ ಕ್ಲಬ್‌ಗಳಿಗೆ ಆರಂಭದಲ್ಲೇ 350 ಕೋಟಿ ಯೂರೋ ಹಂಚುವುದಾಗಿ ಹೇಳಿದ್ದರು, ಅದಕ್ಕೆ ಸಾಲದ ವ್ಯವಸ್ಥೆ ಜೆಪಿ ಮಾರ್ಗನ್ ಬ್ಯಾಂಕಿನದು. ಸಾಲದಲ್ಲಿ ಮುಳುಗಿದ ಕ್ಲಬ್‌ಗಳಿಗೆ ಮುಂದಿನ ವರ್ಷಗಳ ಆದಾಯವನ್ನು ಇಂದೇ ತೆಗೆದುಕೊಡುವ ಏರ್ಪಾಡು ಅದು. ನಿಮ್ಮ ಬಾರ್ಸಿಲೋನಾ ಕ್ಲಬ್ಬೇ ಸಾಕ್ಷಿ. 2021ರ ಆಗಸ್ಟ್‌ನಲ್ಲಿ ಅಧ್ಯಕ್ಷ ಲಾಪೋರ್ತಾ ಅವರೇ 135 ಕೋಟಿ ಯೂರೋ ಸಾಲವಿದೆ ಎಂದರು; ಅದೇ ತಿಂಗಳು ಮೆಸ್ಸಿ ಕಣ್ಣೀರು ಹಾಕುತ್ತ ಬಿಟ್ಟುಹೋದರು.

ಆದರೆ ಅಲ್ಲಿ ಕಲಿಯಬೇಕಾದ ಸಂಗತಿಯೂ ಇದೆ. ಸ್ಪೇನಿನ ಲೀಗ್ ಪ್ರತಿ ಕ್ಲಬ್‌ಗೂ ತಂಡಕ್ಕೆ ಇಷ್ಟೇ ಖರ್ಚು ಮಾಡಬಹುದೆಂದು ಮೊದಲೇ ಗೆರೆ ಎಳೆಯುತ್ತದೆ. ಗೆರೆ ದಾಟಿದರೆ ಹೊಸ ಆಟಗಾರನ ಹೆಸರು ನೋಂದಣಿಯಾಗುವುದಿಲ್ಲ. ಮೆಸ್ಸಿಯಂತಹ ಮೆಸ್ಸಿಗೂ ವಿನಾಯಿತಿ ಸಿಗಲಿಲ್ಲ. ಇಂಗ್ಲೆಂಡಿನಲ್ಲಿ ಖರ್ಚಾಗಿ, ಆಟ ಮುಗಿದು, ಲೆಕ್ಕ ಬಂದು, ವಿಚಾರಣೆ ನಡೆದು, ಆಮೇಲೆ ಬೇರೊಂದು ಋತುವಿನ ತಂಡದ ಅಂಕ ಕಳೆಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅಂಕ ಹತ್ತೋ ಆರೋ ಎಂಬ ಚರ್ಚೆಗಿಂತ ತಡೆ ಯಾವ ಹಂತದಲ್ಲಿ ಬೀಳಬೇಕು ಎಂಬುದೇ ಮುಖ್ಯ.

ವೆಸ್ಟ್ ಬ್ಲಾಕ್ ಮೂರನೇ ಸಾಲು

ಮುಚ್ಚಿದ ಲೀಗ್ ಹೇಗಿರುತ್ತದೆಂದು ತಿಳಿಯಲು ನಾವು ಯುರೋಪಿಗೆ ಹೋಗಬೇಕಿಲ್ಲ. ಕಂಠೀರವ ಕ್ರೀಡಾಂಗಣದಲ್ಲಿ ಕುಳಿತು ನೋಡಿದವರಿಗೆ ಗೊತ್ತಿದೆ. 2014ರಲ್ಲಿ ಎಂಟು ತಂಡಗಳೊಂದಿಗೆ ಆರಂಭವಾದ ಇಂಡಿಯನ್ ಸೂಪರ್ ಲೀಗಿನಲ್ಲಿ (ಐಎಸ್‌ಎಲ್) ಕೆಳಗಿನ ದರ್ಜೆಗೆ ಇಳಿಯುವ ಭಯವೇ ಇರಲಿಲ್ಲ. ಬೆಂಗಳೂರು ಎಫ್‌ಸಿ ಅದಕ್ಕೆ ಸೇರುವ ಮೊದಲು ಅಂದಿನ ರಾಷ್ಟ್ರೀಯ ಲೀಗಾದ ಐ-ಲೀಗಿನಲ್ಲಿತ್ತು. ಹುಟ್ಟಿದ ವರ್ಷವೇ, ಅಂದರೆ 2013-14ರಲ್ಲೇ, ಚಾಂಪಿಯನ್ ಆಯಿತು. 2017ರಲ್ಲಿ ಅದೇ ಐ-ಲೀಗನ್ನು ಮಿಜೋರಾಂನ ಐಜ್ವಾಲ್ ಗೆದ್ದಾಗ ಇಡೀ ದೇಶ ಬೆರಗಾಯಿತು. ಆ ವರ್ಷವೇ ನಮ್ಮ ಕ್ಲಬ್ ಐಎಸ್‌ಎಲ್‌ಗೆ ಸೇರಿತು. ದೇಶದ ಚಾಂಪಿಯನ್ ಆಗಿದ್ದ ಐಜ್ವಾಲ್‌ಗೆ ಅಲ್ಲಿ ಜಾಗವಿರಲಿಲ್ಲ. ನಾನು ಅಂದು ಸಂಭ್ರಮಪಟ್ಟವರಲ್ಲಿ ಒಬ್ಬ. ಐಜ್ವಾಲ್ ಅಭಿಮಾನಿಗಳ ಬಗ್ಗೆ ಯೋಚಿಸಲಿಲ್ಲ. ಈಗ ಯೋಚಿಸಿದರೆ ನೋವಾಗುತ್ತದೆ.

ಕೆಳಗಿಳಿಯುವ ಭಯ ಇಲ್ಲದಿದ್ದರೆ ಹಣಕಾಸು ಭದ್ರವಾಗಿರುತ್ತದೆ ಎಂಬ ವಾದವನ್ನು ಸೂಪರ್ ಲೀಗ್ ಪರ ಇರುವವರು ಮಂಡಿಸುತ್ತಾರೆ. ನಮ್ಮ ಅನುಭವ ಬೇರೆ. ಲೀಗಿನ ವಾಣಿಜ್ಯ ಹಕ್ಕಿನ 15 ವರ್ಷಗಳ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಹೊಸ ಒಪ್ಪಂದವಾಗದೆ ಜುಲೈನಲ್ಲಿ ಇಡೀ ಋತುವನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ನಮ್ಮ ಕ್ಲಬ್ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ನಿಲ್ಲಿಸಬೇಕಾಯಿತು. ಎಲ್ಲ ತಂಡಗಳನ್ನೂ ಒಂದೇ ಗೂಟಕ್ಕೆ ಕಟ್ಟಿದ್ದರೆ ಆ ಗೂಟ ಅಲುಗಿದ ದಿನ ಎಲ್ಲವೂ ಬೀಳುತ್ತವೆ.

ಬೆರಿ ಪಟ್ಟಣದಿಂದ

ನಾನು ದಾವಣಗೆರೆಯವನು, ಕೆಲಸದ ನಿಮಿತ್ತ ಹತ್ತು ವರ್ಷಗಳಿಂದ ಮ್ಯಾಂಚೆಸ್ಟರ್‌ನ ಉತ್ತರಕ್ಕಿರುವ ಬೆರಿ ಎಂಬ ಊರಿನಲ್ಲಿದ್ದೇನೆ. ಇಲ್ಲಿ ಅಂಕ ಕಡಿತದ ಮಾತು ನಡೆಯುವಾಗಲೆಲ್ಲ ನಮ್ಮೂರಿನ ಕಥೆಯನ್ನು ಯಾರಾದರೂ ಹೇಳಬೇಕೆನಿಸುತ್ತದೆ, ಏಕೆಂದರೆ ನಮಗೆ ಬಿದ್ದದ್ದು ಅತಿ ದೊಡ್ಡ ಶಿಕ್ಷೆ.

ಬೆರಿ ಎಫ್‌ಸಿ 1885ರಲ್ಲಿ ಹುಟ್ಟಿದ ಕ್ಲಬ್. 1900ರಲ್ಲಿ ಮತ್ತು 1903ರಲ್ಲಿ ಎಫ್‌ಎ ಕಪ್ ಗೆದ್ದಿತ್ತು. ಎರಡನೇ ಸಲ ಡರ್ಬಿ ಕೌಂಟಿಯನ್ನು ಫೈನಲ್‌ನಲ್ಲಿ 6-0ರಿಂದ ಸೋಲಿಸಿತು. 2018ರ ಡಿಸೆಂಬರ್‌ನಲ್ಲಿ ಕ್ಲಬ್ ಒಂದು ಪೌಂಡ್‌ಗೆ ಕೈಬದಲಾಯಿತು. ಹೌದು, ಒಂದೇ ಪೌಂಡ್. ಕ್ರೀಡಾಂಗಣ ಅದಕ್ಕೆ ಮೊದಲೇ ಅಡಮಾನದಲ್ಲಿತ್ತು. ಆ ಋತುವಿನಲ್ಲಿ ಸರಿಯಾಗಿ ಸಂಬಳ ಸಿಗದಿದ್ದರೂ ಹುಡುಗರು ಆಡಿ ಗೆದ್ದು ತಂಡವನ್ನು ಮೇಲಿನ ದರ್ಜೆಗೆ ಏರಿಸಿದರು. ಬೇಸಿಗೆಯಲ್ಲಿ ಸಾಲಗಾರರೊಂದಿಗೆ ರಾಜಿ ಮಾಡಿಕೊಂಡದ್ದಕ್ಕೆ 12 ಅಂಕ ಕಡಿತವಾಯಿತು. ಆಮೇಲೆ, ಹಣವಿದೆ ಎಂಬುದಕ್ಕೆ ಪುರಾವೆ ಸಿಗಲಿಲ್ಲವೆಂದು, ಪಂದ್ಯಗಳನ್ನು ಒಂದೊಂದಾಗಿ ಮುಂದೂಡಿದರು.

2019ರ ಆಗಸ್ಟ್ 27, ಮಂಗಳವಾರ. ಸಂಜೆ ಐದಕ್ಕೆ ಗಡುವು. ಕೊಳ್ಳುವವರು ಸಿಕ್ಕಿದ್ದಾರೆ, ಶನಿವಾರ ಪಂದ್ಯ ನಡೆಯುತ್ತದೆ, ಕ್ರೀಡಾಂಗಣ ಶುಚಿಗೊಳಿಸಲು ಬನ್ನಿ ಎಂಬ ಕರೆ ಬಂದಿತ್ತು. ನಮ್ಮ ಬೀದಿಯಿಂದ ಐದು ಜನ ಪೊರಕೆ, ಬಕೆಟ್ಟು, ಚಿಂದಿ ಬಟ್ಟೆ ಹಿಡಿದು ಕ್ಲಬ್ಬಿನ ಕ್ರೀಡಾಂಗಣ ಗಿಗ್ ಲೇನ್‌ಗೆ ಹೋದೆವು. ನೂರಾರು ಜನ ಬಂದಿದ್ದರು. ಕುರ್ಚಿಗಳ ಮೇಲೆ ಪಾರಿವಾಳದ ಹಿಕ್ಕೆ ಗಟ್ಟಿಯಾಗಿತ್ತು, ಮೆಟ್ಟಿಲ ಸಂದಿಯಲ್ಲಿ ಹುಲ್ಲು ಬೆಳೆದಿತ್ತು. ನನ್ನ ಪಕ್ಕದ ಮನೆಯ ಅಜ್ಜ, ಎಪ್ಪತ್ತು ದಾಟಿದವರು, ಸೆಮಟರಿ ಎಂಡ್ ಎಂದು ಕರೆಯುವ ಕಡೆಯಲ್ಲಿ ಒಂದು ಸಾಲಿನ ಕುರ್ಚಿಗಳನ್ನೆಲ್ಲ ಒಂದು ಸಲ ಒರೆಸಿ, ತಾವು ಸದಾ ಕೂರುವ ಕುರ್ಚಿಗೆ ಬಂದಾಗ ಮತ್ತೆ ಬಕೆಟ್ ಅದ್ದಿ ಎರಡನೇ ಸಲ ಒರೆಸಿದರು. ಕೊಳ್ಳಬೇಕಿದ್ದವರು ಅದೇ ದಿನ ಹಿಂದೆ ಸರಿದರು. ರಾತ್ರಿ ಕ್ಲಬ್ಬನ್ನು ಲೀಗಿನಿಂದ ಹೊರಹಾಕಿದ ಸುದ್ದಿ ಬಂತು. 1894ರಿಂದ ಸದಸ್ಯತ್ವ ಇದ್ದ ಕ್ಲಬ್ ಅದು. ಆ ಋತುವಿನಲ್ಲಿ ಮೂರನೇ ದರ್ಜೆಯಾದ ಲೀಗ್ ಒನ್ ಇಪ್ಪತ್ಮೂರೇ ತಂಡಗಳೊಂದಿಗೆ ನಡೆಯಿತು.

ಆದ್ದರಿಂದ ಗನ್ನರ್ ಅವರೇ, ನಿಮ್ಮ ಕ್ಲಬ್‌ಗೂ ಅಂಕ ಕಡಿತವಾಗಬೇಕಿತ್ತು ಎಂಬ ನಿಮ್ಮ ಮಾತಿನ ಪ್ರಾಮಾಣಿಕತೆಯನ್ನು ಗೌರವಿಸುತ್ತೇನೆ, ಆದರೆ ಒಪ್ಪುವುದಿಲ್ಲ. ಆ ಅಂಕ ಹೋಗುವುದು ನಿಮ್ಮ ಕೈಯಿಂದ, ಸೂಪರ್ ಲೀಗಿಗೆ ಸಹಿ ಹಾಕಿದವರ ಕೈಯಿಂದಲ್ಲ.

ಬಸವನಗುಡಿ ಗನ್ನರ್

ನಿಮ್ಮ ಬರಹ ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ಹಾಗಾದರೆ ಒಡೆತನವೇ ಅಭಿಮಾನಿಗಳ ಕೈಯಲ್ಲಿರಬೇಕೆ? ಜರ್ಮನಿಯಲ್ಲಿ ಮತದ ಹಕ್ಕಿನ ಅರ್ಧಕ್ಕಿಂತ ಹೆಚ್ಚು ಪಾಲು ಸದಸ್ಯರ ಬಳಿಯೇ ಇರಬೇಕೆಂಬ ನಿಯಮವಿದೆ. ಬಯರ್ನ್ ಮತ್ತು ಡಾರ್ಟ್‌ಮಂಡ್ ಸೂಪರ್ ಲೀಗಿಗೆ ಸೇರದಿರಲು ಅದೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ.

ಬಾರ್ಸಾ ಬಂಧು

ಅಷ್ಟೇ ಸಾಲದು. ಬಾರ್ಸಿಲೋನಾ ಮತ್ತು ರಿಯಲ್ ಮ್ಯಾಡ್ರಿಡ್ ಎರಡೂ ಸದಸ್ಯರ ಒಡೆತನದ ಕ್ಲಬ್‌ಗಳು. ಇಂಗ್ಲೆಂಡಿನ ಆರು ಕ್ಲಬ್‌ಗಳು ಓಡಿಹೋದ ಮೇಲೂ ವರ್ಷಗಟ್ಟಲೆ ಸೂಪರ್ ಲೀಗನ್ನು ಹಿಡಿದುಕೊಂಡು ನಿಂತವು ಇವೇ. ಸದಸ್ಯರು ಮತ ಹಾಕಿ ಆರಿಸಿದ ಅಧ್ಯಕ್ಷರೂ ಸಾಲ ಮಾಡಬಲ್ಲರು. ಬೆರಿಯವರ ಬರಹ ಓದಿದ ಮೇಲೆ ನನ್ನ ಮೊದಲಿನ ಮಾತಿನಲ್ಲಿ ಒಂದನ್ನು ತಿದ್ದಿಕೊಳ್ಳುತ್ತೇನೆ. ಯುಇಎಫ್‌ಎ ಸರಿಯಿಲ್ಲ ಎಂಬುದು ಇಂತಹ ಕ್ಲಬ್‌ಗಳನ್ನು ಇನ್ನಷ್ಟು ದೂರ ತಳ್ಳಲು ಕಾರಣವಾಗಬಾರದು.

ಮರ್ಸಿ ತೀರದ ನೀಲಿ

ಪೋರ್ಟ್ಸ್‌ಮತ್ ನೆನಪಾಗುತ್ತದೆ. 2010ರಲ್ಲಿ ಒಂಬತ್ತು ಅಂಕ ಕಳೆದುಕೊಂಡು ಪ್ರೀಮಿಯರ್ ಲೀಗಿನಿಂದ ಇಳಿದ ಆ ಕ್ಲಬ್ ನಾಲ್ಕನೇ ದರ್ಜೆಯವರೆಗೂ ಕುಸಿಯಿತು. 2013ರಲ್ಲಿ ಅಭಿಮಾನಿಗಳೇ ಹಣ ಕೂಡಿಸಿ ಕ್ಲಬ್ಬನ್ನು ಕೊಂಡು, ಆಮೇಲೆ ಸಾಲ ತೀರಿಸಿದರು. ಹಾಳು ಮಾಡಿದವರು ಯಾರೋ, ಕಟ್ಟಿಕೊಟ್ಟವರು ಯಾರೋ.

ಲೆಕ್ಕದ ಪುಸ್ತಕ

2025ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆಗೆ ಅಂಕಿತ ಬಿದ್ದು ಸ್ವತಂತ್ರ ನಿಯಂತ್ರಣ ಸಂಸ್ಥೆ ಸೃಷ್ಟಿಯಾಗಿದೆ. ಮೇಲಿನ ಐದು ದರ್ಜೆಗಳ ಕ್ಲಬ್‌ಗಳಿಗೆ ಪರವಾನಗಿ ಬೇಕು. ಅನರ್ಹ ಮಾಲೀಕರನ್ನು ಹೊರಹಾಕುವ ಅಧಿಕಾರವಿದೆ, ಒಪ್ಪಿಗೆಯಿಲ್ಲದ ಪ್ರತ್ಯೇಕ ಲೀಗುಗಳಿಗೆ ಸೇರುವುದಕ್ಕೆ ತಡೆಯಿದೆ. ದಂಡವನ್ನು ಕ್ಲಬ್ಬಿನ ಮೇಲಷ್ಟೇ ಅಲ್ಲದೆ ಹೊಣೆಗಾರ ವ್ಯಕ್ತಿಗಳ ಮೇಲೂ ಹಾಕಬಹುದು. ನಾವು ಇಲ್ಲಿ ಕೇಳುತ್ತಿರುವುದು ಕಾಗದದ ಮೇಲಂತೂ ಬಂದಿದೆ. ಬೆರಿಯವರನ್ನು ಕೇಳುತ್ತೇನೆ: ಈ ಕಾಯ್ದೆ 2018ರಲ್ಲಿ ಇದ್ದಿದ್ದರೆ ನಿಮ್ಮ ಕ್ಲಬ್ ಉಳಿಯುತ್ತಿತ್ತೇ?

ಬೆರಿ ಪಟ್ಟಣದಿಂದ

ಇದೇ ಪ್ರಶ್ನೆಯನ್ನು ಪಕ್ಕದ ಮನೆಯ ಅಜ್ಜನ ಮುಂದೆ ಇಟ್ಟೆ. ಒಂದು ಪೌಂಡ್ ಕೊಟ್ಟ ದಿನವೇ, ಮುಂದಿನ ತಿಂಗಳ ಸಂಬಳಕ್ಕೆ ನಿನ್ನ ಬಳಿ ಹಣವಿದೆಯೇ ಎಂದು ಯಾರಾದರೂ ಕೇಳಿ, ಉತ್ತರ ಬರುವವರೆಗೆ ಬೀಗದಕೈ ಕೊಡದಿದ್ದರೆ ಉಳಿಯುತ್ತಿತ್ತು ಎಂದರು. ಅವರಿಗೆ ಕಾಯ್ದೆಯ ಹೆಸರು ಗೊತ್ತಿಲ್ಲ.

ಅಭಿಮಾನಿಗಳು ಬೆರಿ ಎಎಫ್‌ಸಿ ಎಂಬ ಹೊಸ ಕ್ಲಬ್ ಕಟ್ಟಿ ಹತ್ತನೇ ದರ್ಜೆಯಿಂದ ಆರಂಭಿಸಿದರು, ಪಕ್ಕದ ರ‍್ಯಾಡ್‌ಕ್ಲಿಫ್ ಊರಿನ ಮೈದಾನವನ್ನು ಹಂಚಿಕೊಂಡು ಆಡಿದರು. ಹಳೆಯ ಹೆಸರನ್ನೂ ಗಿಗ್ ಲೇನನ್ನೂ ಮರಳಿ ಪಡೆದ ಇನ್ನೊಂದು ಗುಂಪಿನೊಂದಿಗೆ ಸೇರಬೇಕೋ ಬೇಡವೋ ಎಂಬ ಮತದಾನದಲ್ಲಿ ಊರೇ ಎರಡಾಗಿತ್ತು. ಮೊದಲ ಸಲ ಬಹುಮತ ಸಾಲದೆ ಬಿದ್ದುಹೋಗಿ, 2023ರಲ್ಲಿ ಕೂಡಿ ಬಂತು. ಈಗ ಬೆರಿ ಎಫ್‌ಸಿ ಎಂಬ ಹೆಸರಿನಲ್ಲೇ, ಗಿಗ್ ಲೇನ್‌ನಲ್ಲೇ, ಸಾವಿರಾರು ಜನರ ಮುಂದೆ ಆಡುತ್ತಾರೆ. ದರ್ಜೆ ತೀರ ಕೆಳಗಿನದು. ಎದುರಾಳಿ ತಂಡಗಳಲ್ಲಿ ಹಲವು ತಮ್ಮ ಊರಿನಲ್ಲಿ ಕೆಲವೇ ನೂರು ಜನರ ಮುಂದೆ ಆಡುವಂಥವು. ಹಿಂದಿರುಗಿದ ಮೊದಲ ಶನಿವಾರ ಅಜ್ಜನೊಂದಿಗೆ ನಾನೂ ಹೋಗಿದ್ದೆ. ಅವರು ನೇರವಾಗಿ ತಮ್ಮ ಹಳೆಯ ಸಾಲಿಗೆ ನಡೆದರು, ಜೇಬಿನಿಂದ ಕರವಸ್ತ್ರ ತೆಗೆದು ಕುರ್ಚಿ ಒರೆಸಿದರು, ಕುಳಿತರು. ಪಂದ್ಯ ಆರಂಭವಾಗಲು ಇನ್ನೂ ಒಂದು ಗಂಟೆಯಿತ್ತು.